ನಡುಮಧ್ಯಾಹ್ನ ನಿಂತುಹೋಗುತ್ತಿದ್ದ ಸೋಲಾರ್ ಇನ್ವರ್ಟರ್

ತುಮಕೂರಿನ ನಮ್ಮ ಮನೆಯ ತಾರಸಿಯ ಮೇಲೆ 3 ಕಿಲೋವಾಟ್ ಸೋಲಾರ್ ಇದೆ. ಬ್ಯಾಟರಿ ಇಲ್ಲ, ನೇರ ಗ್ರಿಡ್ (ಊರಿನ ವಿದ್ಯುತ್ ಜಾಲ) ಸಂಪರ್ಕ. ಏಪ್ರಿಲ್‌ನ ಉರಿಬಿಸಿಲಿನಲ್ಲೇ ಉತ್ಪಾದನೆ ದಿನಕ್ಕೆ 12 ಯೂನಿಟ್‌ನಿಂದ 7ಕ್ಕೆ ಇಳಿಯಿತು. ಧೂಳಿರಬೇಕೆಂದು ಪ್ಯಾನೆಲ್‌ಗಳನ್ನು ಎರಡು ಬಾರಿ ತೊಳೆದೆ, ಏನೂ ಬದಲಾಗಲಿಲ್ಲ.

ಪ್ಯಾನೆಲ್‌ಗಳ ವಿದ್ಯುತ್ತನ್ನು ಮನೆಗೆ, ಲೈನಿಗೆ ಹೊಂದುವಂತೆ ಬದಲಿಸುವ ಪೆಟ್ಟಿಗೆಯೇ ಇನ್ವರ್ಟರ್. ಒಂದು ಭಾನುವಾರ ಅದರ ಮುಂದೆಯೇ ಕುಳಿತೆ. ಹನ್ನೊಂದೂವರೆಗೆ ಕೆಂಪು ದೀಪ ಹತ್ತಿತು. ಪರದೆಯಲ್ಲಿ ವೋಲ್ಟೇಜ್ 256; ನಮ್ಮ ಇನ್ವರ್ಟರಿನ ಮಿತಿ 255. ಕೆಲವು ನಿಮಿಷ ಬಿಟ್ಟು ತಾನೇ ಚಾಲೂ ಆಯಿತು, ಮತ್ತೆ ನಿಂತಿತು. ಅದು ಕೆಟ್ಟಿರಲಿಲ್ಲ! ವಿದ್ಯುತ್ತನ್ನು ಹೊರಗೆ ಕಳುಹಿಸಲು ಇನ್ವರ್ಟರ್ ತನ್ನ ವೋಲ್ಟೇಜನ್ನು ಲೈನಿಗಿಂತ ತುಸು ಮೇಲೇರಿಸಲೇಬೇಕು. ತಂತಿ ತೆಳುವಾಗಿ, ಉದ್ದವಾಗಿ ಇದ್ದಷ್ಟೂ ಈ ಏರಿಕೆ ಹೆಚ್ಚು. ಮಿತಿ ದಾಟಿದರೆ ಸುರಕ್ಷತೆಗಾಗಿ ತಾನೇ ಕಳಚಿಕೊಳ್ಳುತ್ತದೆ.

ಅದೇ ಹೊತ್ತಿಗೆ ಮೀಟರ್ ಬಳಿ ಅಳೆಸಿದಾಗ 250 ಇತ್ತು. ಅಂದರೆ ಆರು ವೋಲ್ಟ್ ಏರಿಕೆ ನಮ್ಮದೇ ತಂತಿಯಲ್ಲಿ. ತಾರಸಿಯಿಂದ ಮೀಟರಿಗೆ 30 ಮೀಟರ್ ಉದ್ದಕ್ಕೂ 2.5 ಚದರ ಮಿಲಿಮೀಟರಿನ ತಂತಿ ಎಳೆದಿದ್ದರು. ಅಳವಡಿಸಿದವರು ಮಿತಿಯನ್ನೇ ಏರಿಸೋಣ ಎಂದರು. ನಾನು ಒಪ್ಪಲಿಲ್ಲ, ಆ ವೋಲ್ಟೇಜನ್ನು ನಮ್ಮ ಫ್ರಿಜ್ಜೂ ತಾಳಬೇಕಲ್ಲವೇ? ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಒಬ್ಬರಿಂದ 6 ಚದರ ಮಿಲಿಮೀಟರಿನ ತಾಮ್ರದ ತಂತಿ ಹಾಕಿಸಿದೆ. ಏರಿಕೆ ಎರಡೂವರೆ ವೋಲ್ಟಿಗೆ ಇಳಿಯಿತು. ಅಂದಿನಿಂದ ಮಧ್ಯಾಹ್ನ ಒಮ್ಮೆಯೂ ನಿಂತಿಲ್ಲ, ಮತ್ತೆ 12 ಯೂನಿಟ್ ಬರುತ್ತಿದೆ.

ಒಂದು ಎಚ್ಚರಿಕೆ: ಮೇನ್ ಸ್ವಿಚ್ ಆರಿಸಿದರೂ ಬಿಸಿಲಿರುವಾಗ ಪ್ಯಾನೆಲ್‌ಗಳಿಂದ ಇನ್ವರ್ಟರಿಗೆ ಬರುವ ಡಿಸಿ (ನೇರ ವಿದ್ಯುತ್) ತಂತಿಯಲ್ಲಿ ವಿದ್ಯುತ್ ಇದ್ದೇ ಇರುತ್ತದೆ. ಅದಕ್ಕೆ ನೀವೇ ಕೈ ಹಾಕಬೇಡಿ.