ಕರೆಂಟೇ ಇಲ್ಲದ ಫೋರ್ಡ್‌ಸನ್‌ಗೆ ದೀಪ ಕಟ್ಟಿದ್ದು

ನಮ್ಮ ಮನೆಯ ಫೋರ್ಡ್‌ಸನ್ ಮಾಡೆಲ್ ಎನ್ ಟ್ರ್ಯಾಕ್ಟರ್‌ಗೆ ಬ್ಯಾಟರಿ ಇಲ್ಲ, ಡೈನಮೋ ಇಲ್ಲ, ಸೆಲ್ಫ್ ಇಲ್ಲ. ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕು. ಪೆಟ್ರೋಲಿನಲ್ಲಿ ಶುರುವಾಗುತ್ತದೆ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತೇವೆ. ಕಿಡಿ ಕೊಡುವುದು ಮ್ಯಾಗ್ನೆಟೋ. ತಾತ ಇದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದರು. ಹಳೇ ಪೇಂಟ್ ಕೆರೆದಾಗ ಅಡಿಯಲ್ಲಿ ಕಿತ್ತಳೆ ಬಣ್ಣ ಸಿಕ್ಕಿತು. ಈ ಮಾಡೆಲ್‌ಗೆ ಕಿತ್ತಳೆ ಬಣ್ಣ ಬಂದಿದ್ದು 1937ರಲ್ಲಿ. ನಮ್ಮ ಜಿಲ್ಲೆಯ ಚಿನ್ನದ ಗಣಿಗೆ ಶಿವನಸಮುದ್ರದಿಂದ 1902ರಲ್ಲೇ ಕರೆಂಟ್ ಬಂದಿತ್ತು. ಅದಾದ ಮೂವತ್ತೈದು ವರ್ಷಕ್ಕೂ ಈ ಗಾಡಿಗೆ ಒಂದು ಬಲ್ಬ್ ಇರಲಿಲ್ಲ. ಹಗಲು ಹೊಲ ಉಳಲಿಕ್ಕೆ ಮಾಡಿದ ಗಾಡಿ, ದೀಪ ಯಾಕೆ ಬೇಕಿತ್ತು ಅಲ್ವಾ?

ನನಗೆ ಬೇಕಾಯಿತು. ಕೋಲಾರ–ಶ್ರೀನಿವಾಸಪುರ ಕಡೆಯ ನಮ್ಮೂರಲ್ಲಿ ರಾಗಿ ಕೊಯ್ಲು ಮುಗಿದ ಮೇಲೆ ಹೊಲದಿಂದ ಕಣಕ್ಕೆ ಒಂದೆರಡು ಲೋಡ್ ಇದರಲ್ಲೇ ಹೊಡೆಯುತ್ತೇನೆ. ವರ್ಷಕ್ಕೊಮ್ಮೆಯಾದರೂ ದುಡಿಸದೆ ನಿಲ್ಲಿಸಿದರೆ ಎಂಜಿನ್ ಹಿಡಿದುಕೊಳ್ಳುತ್ತದೆ. ಎರಡು ವರ್ಷದ ಹಿಂದೆ ಡಿಸೆಂಬರ್‌ನಲ್ಲಿ ಕೊನೇ ಲೋಡ್ ತರುವಾಗ ಕತ್ತಲಾಯಿತು. ಹಿಂದೆ ಟೈರ್ ಉಜ್ಜಿದ ಸದ್ದು ಕೇಳಿಸಿತು. ಟೊಮೆಟೊ ತುಂಬಿದ ಪಿಕಪ್ ಒಂದು ನಮ್ಮ ಟ್ರೈಲರ್‌ಗೆ ಎರಡು ಮೊಳ ದೂರದಲ್ಲಿ ನಿಂತಿತ್ತು. ಮಾರ್ಕೆಟ್‌ಗೆ ಹೊರಟಿದ್ದ ಹುಡುಗ. ಇಳಿದು ಬಂದವನ ಕೈ ನಡುಗುತ್ತಿತ್ತು. "ಅಣ್ಣಾ, ಕಪ್ಪಗೆ ಏನೋ ಕಂಡಿತು. ಗಾಡಿ ಅಂತ ಗೊತ್ತಾಗ್ಲಿಲ್ಲ" ಅಂದ. ಟ್ರೈಲರ್ ಮೇಲೆ ನನ್ನ ಮಗ ಕೂತಿದ್ದ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಟೌನಿನ ಎಲೆಕ್ಟ್ರಿಷಿಯನ್ ಪುಲ್ಲಿಗೆ ಬೆಲ್ಟ್ ಹಾಕಿ ಕರೆಂಟ್ ಹುಟ್ಟಿಸುವ ಕಾರಿನ ಆಲ್ಟರ್ನೇಟರ್ ಕೂರಿಸಿಕೊಡುತ್ತೇನೆ ಅಂದರು. ಕೆಲಸ ಮಾಡುತ್ತೆ, ಸುಳ್ಳಲ್ಲ. ಆದರೆ ಅದಕ್ಕೆ ಬ್ರಾಕೆಟ್ ಬೇಕು, ಎರಕದ ಕಬ್ಬಿಣಕ್ಕೆ ತೂತು ಹೊಡೆಯಬೇಕು. ಎಂಬತ್ತು ವರ್ಷ ದಾಟಿದ ಗಾಡಿಗೆ ಡ್ರಿಲ್ ಹಿಡಿಯಲಿಕ್ಕೆ ನನಗೆ ಮನಸ್ಸಾಗಲಿಲ್ಲ. ಇನ್ನೊಬ್ಬರು ಸೈಕಲ್ ಡೈನಮೋ ಅಂದರು. ಅದು ಕೊಡುವುದು 6 ವೋಲ್ಟ್, 3 ವಾಟ್ ಅಷ್ಟೇ. ಕೊನೆಗೆ ಯುಪಿಎಸ್‌ನಲ್ಲಿ ಹಾಕುವ 12 ವೋಲ್ಟ್, 7 ಆಂಪಿಯರ್-ಅವರ್ ಸೀಲ್ಡ್ ಬ್ಯಾಟರಿ ತಂದೆ. ಬೇಕಾದಾಗ ಕಟ್ಟುವುದು, ಕೆಲಸ ಮುಗಿದ ಮೇಲೆ ಬಿಚ್ಚಿ ಮನೆಗೆ ತರುವುದು.

ಮೊದಲ ಸಲ ಎಡವಿದೆ. ಮನೆಯಲ್ಲಿದ್ದ 55 ವಾಟ್ ಹ್ಯಾಲೊಜನ್ ಲೈಟ್ ಎರಡು ಹಾಕಿದೆ. ಬೆಳಕೇನೋ ಚೆನ್ನಾಗಿತ್ತು. ಅರ್ಧ ದಾರಿಗೆ ಕೆಂಪಗಾಗಿ ಆರಿಹೋಯಿತು. ಲೆಕ್ಕ ಹಾಕಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಎರಡೂ ಸೇರಿ 110 ವಾಟ್, ಅಂದರೆ 9 ಆಂಪಿಯರ್ ಹತ್ತಿರ. ಬ್ಯಾಟರಿ ಮೇಲೆ ಬರೆದ 7 ಅನ್ನೋದು ಇಪ್ಪತ್ತು ಗಂಟೆ ನಿಧಾನವಾಗಿ ಎಳೆದಾಗಿನ ಲೆಕ್ಕ. ಒಂದೇ ಸಲಕ್ಕೆ ಜಾಸ್ತಿ ಎಳೆದರೆ ಅಷ್ಟು ಸಿಗುವುದಿಲ್ಲ. ಆಮೇಲೆ 18 ವಾಟ್‌ನ ಎಲ್‌ಇಡಿ ಎರಡು ತಂದೆ. ಎರಡಕ್ಕೂ ಸೇರಿ 3 ಆಂಪಿಯರ್. ಒಂದೂವರೆ ಗಂಟೆ ಧೈರ್ಯವಾಗಿ ಓಡುತ್ತದೆ. ನನ್ನ ದಾರಿ ಹೋಗಿ ಬರಲು ಒಂದು ಗಂಟೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಬ್ಯಾಟರಿಯ ತಂತಿ ಯಾವ ಕಾರಣಕ್ಕೂ ಮ್ಯಾಗ್ನೆಟೋಗೆ ಸೋಕಬಾರದು. ಮ್ಯಾಗ್ನೆಟೋ ಒಳಗಿನ ಅಯಸ್ಕಾಂತದಿಂದ ತನ್ನ ಕಿಡಿ ತಾನೇ ಹುಟ್ಟಿಸಿಕೊಳ್ಳುತ್ತದೆ. ಹೊರಗಿನ ಕರೆಂಟ್ ಅದಕ್ಕೆ ಬೇಡ. ಎಂಜಿನ್ ಆಫ್ ಮಾಡಲು ಅದರಿಂದ ಒಂದು ತಂತಿ ಬರುತ್ತದಲ್ಲ, ಅದನ್ನು ಗಾಡಿಯ ಕಬ್ಬಿಣದ ಬಾಡಿಗೆ ಮುಟ್ಟಿಸಿದರೆ ಕಿಡಿ ನಿಲ್ಲುತ್ತದೆ. ನೋಡಿದವರಿಗೆ ಅದು ಲೈಟಿನ ತಂತಿ ಥರಾನೇ ಕಾಣುತ್ತದೆ. ನನ್ನ ತಂಗಿ ಮಗ ಬ್ಯಾಟರಿಯ ಪ್ಲಸ್ ಕ್ಲಿಪ್ ಅಲ್ಲಿಗೇ ಹಾಕಲು ಹೋಗಿದ್ದ. ಕೈ ಹಿಡಿದು ನಿಲ್ಲಿಸಿದೆ. ಹಾಕಿದ್ದರೆ ಮ್ಯಾಗ್ನೆಟೋ ಒಳಗೆ ತೆರೆದು ಮುಚ್ಚುವ ಪಾಯಿಂಟ್ ಸುಡಬಹುದಿತ್ತು, ಅಯಸ್ಕಾಂತದ ಶಕ್ತಿ ಕುಗ್ಗಬಹುದಿತ್ತು. ಹಾಗಾದರೆ ಅದನ್ನು ರಿಪೇರಿ ಮಾಡುವವರನ್ನು ಹುಡುಕಿಕೊಂಡು ಎಲ್ಲಿಗೆ ಹೋಗುವುದು?

ಅದಕ್ಕೇ ನಾನು ಬಾಡಿಯನ್ನು ಅರ್ಥ್ ಆಗಿ ಬಳಸಲೇ ಇಲ್ಲ. ಕಾರು, ಬೈಕಿನಲ್ಲಿ ಮೈನಸ್ ಬಾಡಿಗೇ ಕೊಟ್ಟಿರುತ್ತಾರೆ. ಇಲ್ಲಿ ಪ್ರತಿ ಲೈಟಿಗೂ ಕೆಂಪು, ಕಪ್ಪು ಎರಡೂ ತಂತಿ ಬ್ಯಾಟರಿಯಿಂದಲೇ ಹೋಗಿ ಬರುತ್ತವೆ. ಗಾಡಿಗೂ ಲೈಟಿಗೂ ಸಂಬಂಧವೇ ಇಲ್ಲ. ತುಕ್ಕು, ಪೇಂಟ್ ಮೇಲೆ ಅರ್ಥ್ ಸರಿಯಾಗಿ ಕೂರದೆ ಲೈಟ್ ಮಿನುಗುವ ತಾಪತ್ರಯವೂ ಇಲ್ಲ. ಕೆಂಪು ತಂತಿಗೆ ಬ್ಯಾಟರಿಯ ಪಕ್ಕದಲ್ಲೇ 7.5 ಆಂಪಿಯರ್ ಫ್ಯೂಸ್ ಹಾಕಿದೆ. ಫ್ಯೂಸ್ ಲೈಟಿನ ಹತ್ತಿರ ಇದ್ದರೆ ಪ್ರಯೋಜನವಿಲ್ಲ, ನಡುವೆ ತಂತಿ ಉಜ್ಜಿ ಶಾರ್ಟ್ ಆದರೆ ಕಾಪಾಡುವವರಿಲ್ಲ. ಈ ಗಾಡಿಯಲ್ಲಿ ಎಣ್ಣೆ ಟ್ಯಾಂಕ್ ಎಂಜಿನ್ ಮೇಲೆಯೇ ಇದೆ. ಹಾಗಾಗಿ ಬ್ಯಾಟರಿ ಸೀಟಿನ ಹಿಂದೆ ಮರದ ಪೆಟ್ಟಿಗೆಯಲ್ಲಿ. ತಂತಿ ಸೈಲೆನ್ಸರ್ ಇಲ್ಲದ ಕಡೆಯಿಂದ.

ಲೈಟ್ ಹಿಡಿಸಲು ಮೊದಲು ಮ್ಯಾಗ್ನೆಟ್ ಬೇಸ್ ತಂದಿದ್ದೆ. ಎಂಜಿನ್ ಅದುರಿ ಅದುರಿ ಅರ್ಧ ಕಿಲೋಮೀಟರಿಗೆ ಲೈಟ್ ಆಕಾಶ ನೋಡುತ್ತಿತ್ತು, ಕೆಳಗಿನ ಪೇಂಟೂ ಗೀಚಿತ್ತು. ಈಗ ಮುಂದೆ ಒಂದು ಮರದ ಪಟ್ಟಿ ಅಡ್ಡ ಇಟ್ಟು, ಅಡಿಗೆ ಹಳೇ ಸೈಕಲ್ ಟ್ಯೂಬ್ ತುಂಡು ಹಾಕಿ, ಹೋಸ್ ಕ್ಲಿಪ್‌ನಿಂದ ಬಿಗಿದಿದ್ದೇನೆ. ಲೈಟ್ ಎರಡೂ ಆ ಪಟ್ಟಿಗೇ ಬೋಲ್ಟ್ ಆಗಿವೆ. ಟ್ಯೂಬ್ ಅದುರನ್ನೂ ನುಂಗುತ್ತದೆ. ತಂತಿಯ ಜಾಯಿಂಟ್‌ಗಳನ್ನು ಸುಮ್ನೆ ತಿರುಚಿ ಟೇಪ್ ಸುತ್ತಿದರೆ ನಿಲ್ಲುವುದಿಲ್ಲ. ತಂತಿಯ ತುದಿಗೆ ಲೋಹದ ಲಗ್ ಹಾಕಿ ಒತ್ತಿಸಿದೆ.

ಹಿಂದಿನ ದೀಪಕ್ಕೆ ನಾನು ಜಾಸ್ತಿ ಹೊತ್ತು ತೆಗೆದುಕೊಂಡೆ. ಮುಂದಿನ ಬೆಳಕು ನನಗೆ ದಾರಿ ತೋರಿಸುತ್ತದೆ. ಆದರೆ ನಡಿಗೆಗಿಂತ ಸ್ವಲ್ಪ ಜೋರಾಗಿ ಹೋಗುವ ಗಾಡಿಯಲ್ಲಿ ಪ್ರಾಣ ಉಳಿಸುವುದು ಹಿಂದಿನ ಕೆಂಪು ದೀಪ. ಮೊದಲು ಅದನ್ನು ಮಡ್‌ಗಾರ್ಡ್‌ಗೆ ಕಟ್ಟಿದ್ದೆ. ರಾಗಿ ಹೊರೆ ತುಂಬಿದ ಮೇಲೆ ಹಿಂದೆ ಹೋಗಿ ನಿಂತು ನೋಡಿದರೆ, ತೆನೆಹುಲ್ಲು ಟ್ರೈಲರ್ ಅಂಚಿನಿಂದ ಜೋತುಬಿದ್ದು ದೀಪವನ್ನು ಪೂರ್ತಿ ಮುಚ್ಚಿತ್ತು. ಈಗ ಎರಡು ಕೆಂಪು ಎಲ್‌ಇಡಿ ಟ್ರೈಲರ್‌ನ ಹಿಂದಿನ ಎರಡು ಮೂಲೆಗೆ, ಹಲಗೆಯಿಂದ ಒಂದು ಗೇಣು ಹೊರಗೆ ಚಾಚಿದ ಬಿದಿರಿನ ತುದಿಯಲ್ಲಿವೆ. ಎರಡಿದ್ದರೆ ಗಾಡಿ ಎಷ್ಟು ಅಗಲ ಅನ್ನೋದು ಹಿಂದಿನವರಿಗೆ ತಿಳಿಯುತ್ತದೆ. ಕೆಳಗೆ ಹೊಳೆಯುವ ಕೆಂಪು ಟೇಪ್ ಅಂಟಿಸಿದೆ. ಬ್ಯಾಟರಿ ಸತ್ತರೂ ಅದು ಸಾಯುವುದಿಲ್ಲ.

ಬ್ಯಾಟರಿಯಿಂದ ಆದ ಒಂದು ಅನುಕೂಲ ನಾನು ಎಣಿಸಿರಲಿಲ್ಲ. ಕಳೆದ ವರ್ಷ ಅವರೆಕಾಯಿ ಕಾಲದಲ್ಲಿ, ಮಂಜು ಕವಿದ ಒಂದು ಬೆಳಗಿನ ಜಾವ, ನೀಲಗಿರಿ ತೋಪಿನ ತಿರುವಿನಲ್ಲಿ ಎಂಜಿನ್ ನಿಂತಿತು. ಡೈನಮೋ ಒಂದನ್ನೇ ನಂಬಿದ್ದರೆ ದೀಪವೂ ಆರುತ್ತಿತ್ತು. ನಮ್ಮದು ಉರಿಯುತ್ತಲೇ ಇತ್ತು. ಮಗ ಹಿಂದೆ ನಿಂತು ಟಾರ್ಚ್ ಬೀಸಿದ. ನಾನು ಮುಂದಿನ ಲೈಟ್ ಬೆಳಕಲ್ಲಿ ಹ್ಯಾಂಡಲ್ ಹಿಡಿದೆ. ಹೆಬ್ಬೆರಳು ಬೇರೆ ಬೆರಳುಗಳ ಜೊತೆ ಒಂದೇ ಕಡೆ ಇರಬೇಕು, ವಾಪಸ್ ಒದ್ದರೆ ಮುರಿಯುತ್ತದೆ ಅಂತ ತಾತ ಹೇಳಿಕೊಟ್ಟಿದ್ದರು. ಮೂರನೇ ಎಳೆತಕ್ಕೆ ಶುರುವಾಯಿತು. ಅಷ್ಟರಲ್ಲಿ ಎರಡು ಟೊಮೆಟೊ ಗಾಡಿಗಳು ನಮ್ಮನ್ನು ದೂರದಿಂದಲೇ ನೋಡಿ, ನಿಧಾನ ಮಾಡಿ, ಬಲಕ್ಕೆ ಸರಿದು ಹೋದವು.