ಎಸ್‌ಟಿಪಿ ನೀರು ಬೇಡ ಎನ್ನುವವರನ್ನು ಒಪ್ಪಿಸುವುದು ಹೇಗೆ?

ಬೆಂಗಳೂರಿನ ಹೊರಮಾವು ಕಡೆಯ ಒಂದು ಅಪಾರ್ಟ್‌ಮೆಂಟ್ ನಮ್ಮದು. ಅಸೋಸಿಯೇಷನ್‌ನಲ್ಲಿ ನೀರಿನ ಕೆಲಸ ನಾನು ನೋಡಿಕೊಳ್ಳುತ್ತೇನೆ. ಎಸ್‌ಟಿಪಿ ಅಂದರೆ ಮನೆಗಳ ಕೊಳಚೆ ನೀರನ್ನು ಶುದ್ಧೀಕರಿಸುವ ಪ್ಲಾಂಟ್. ಅಲ್ಲಿಂದ ಬರುವ ನೀರನ್ನು ಫ್ಲಶ್, ಗಿಡ, ಕಾರಿಗೆ ಮತ್ತೆ ಬಳಸಬಹುದು. ನಾನು ಹೆಚ್ಚು ಕೇಳುವ ಮಾತು ಒಂದೇ: "ಗಲೀಜು ನೀರನ್ನ ಮತ್ತೆ ಯಾಕೆ ಮನೆಯೊಳಗೆ ಬಿಡ್ತೀರಾ ಮೇಡಂ?" ನಿಮ್ಮ ಕಮಿಟಿಗೂ ಇದೇ ಪ್ರಶ್ನೆ ಬರುತ್ತಿದ್ದರೆ ಮುಂದೆ ಓದಿ.

ಹಾಗೆ ಕೇಳುವವರನ್ನು ತಿಳಿವಳಿಕೆ ಇಲ್ಲದವರು ಅಂದುಕೊಳ್ಳಬೇಡಿ. ಅವರ ಮೂಗು ಸರಿಯಾಗಿಯೇ ಇದೆ. ನೀರು ವಾಸನೆ ಬರುತ್ತಿದ್ದರೆ ಯಾವ ಭಾಷಣವೂ ಕೆಲಸ ಮಾಡುವುದಿಲ್ಲ. ಮೊದಲು ಪ್ಲಾಂಟ್ ಸರಿಮಾಡಿ, ಆಮೇಲೆ ಮಾತಾಡಿ.

ಕೊಳೆತ ಮೊಟ್ಟೆಯ ವಾಸನೆ ಅಂದರೆ ಗಾಳಿ ಸಾಲುತ್ತಿಲ್ಲ ಅಂತ ಅರ್ಥ. ಏರೇಷನ್ ಟ್ಯಾಂಕಿನಲ್ಲಿ ಕೊಳೆ ತಿನ್ನುವ ಬ್ಯಾಕ್ಟೀರಿಯಾಕ್ಕೆ ಉಸಿರು ಬೇಕು. ಕರೆಂಟ್ ಬಿಲ್ ಉಳಿಸಲು, ಟ್ಯಾಂಕಿಗೆ ಗಾಳಿ ಊದುವ ಬ್ಲೋವರ್ ಅನ್ನು ರಾತ್ರಿಯಿಡೀ ನಿಲ್ಲಿಸುವ ಅಭ್ಯಾಸ ಎಷ್ಟೋ ಕಡೆ ಇದೆ. ಅಲ್ಲಿಂದಲೇ ವಾಸನೆ ಶುರುವಾಗುತ್ತದೆ. ಒಂದು ಸುಲಭ ಪರೀಕ್ಷೆ ಇದೆ. ಏರೇಷನ್ ಟ್ಯಾಂಕಿನ ನೀರನ್ನು ಒಂದು ಲೀಟರ್ ಅಳತೆಯ ಜಾರಿನಲ್ಲಿ ತುಂಬಿಸಿ, 30 ನಿಮಿಷ ಅಲ್ಲಾಡಿಸದೆ ಇಡಿ. ಕಂದು ಬಣ್ಣದ ಕೆಸರು ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಕೂತು, ಮೇಲಿನ ನೀರು ತಿಳಿಯಾಗಿದ್ದರೆ ಪ್ಲಾಂಟ್ ಆರೋಗ್ಯವಾಗಿದೆ. ಕೆಸರು ಕಪ್ಪಾಗಿದ್ದರೆ ಗಾಳಿ ಕಡಿಮೆ. ಕೊನೆಗೆ ಬರುವ ನೀರು ಹಳದಿ ಇದ್ದರೆ ಕಾರ್ಬನ್ ಫಿಲ್ಟರ್ ನೋಡಿ, ಅದು ಬದಲಾಗಿ ತುಂಬಾ ಕಾಲ ಆಗಿರಬಹುದು. ಸ್ಯಾಂಡ್ ಫಿಲ್ಟರಿಗೆ ಬ್ಯಾಕ್‌ವಾಶ್, ಅಂದರೆ ನೀರನ್ನು ಹಿಮ್ಮುಖವಾಗಿ ಹಾಯಿಸಿ ತೊಳೆಯುವುದು, ತಪ್ಪಿಸಬಾರದು.

ಇನ್ನೊಂದು ಭಯವನ್ನು ಜನ ಜೋರಾಗಿ ಹೇಳುವುದಿಲ್ಲ. ಫ್ಲಶ್ ನೀರು ಅಡುಗೆಮನೆ ನಲ್ಲಿಗೂ ಬಂದುಬಿಟ್ಟರೆ? ಇದು ಸುಮ್ನೆ ಭಯ ಅಲ್ಲ. ಬಾತ್‌ರೂಮ್ ರಿನೋವೇಷನ್ ಮಾಡಿಸುವಾಗ ಪ್ಲಂಬರ್ ಒಳ್ಳೆ ನೀರಿನ ಪೈಪ್, ಎಸ್‌ಟಿಪಿ ನೀರಿನ ಪೈಪ್ ಎರಡನ್ನೂ ಅದಲುಬದಲು ಮಾಡುವುದುಂಟು. ಅದಕ್ಕೇ ಮನೆಯವರ ಎದುರೇ ಪರೀಕ್ಷೆ ಮಾಡಿ. ಒಳ್ಳೆ ನೀರಿನ ವಾಲ್ವ್ ಪೂರ್ತಿ ಮುಚ್ಚಿ, ಎಸ್‌ಟಿಪಿ ನೀರಿನದು ತೆರೆದೇ ಇರಲಿ. ಪೈಪಿನಲ್ಲಿ ಉಳಿದ ನೀರು ಇಳಿದ ಮೇಲೆ ಅಡುಗೆಮನೆ, ಸ್ನಾನದ ನಲ್ಲಿ, ಹೆಲ್ತ್ ಫಾಸೆಟ್ ಎಲ್ಲವನ್ನೂ ತೆರೆಯಿರಿ. ಯಾವುದರಲ್ಲೂ ನೀರು ಬರಬಾರದು. ಬಂದರೆ ಎಲ್ಲೋ ಲೈನ್ ಕೂಡಿದೆ, ಅದು ಸರಿಯಾಗುವವರೆಗೆ ಆ ಮನೆಗೆ ಎಸ್‌ಟಿಪಿ ನೀರು ಬಿಡಬೇಡಿ. ಹೆಲ್ತ್ ಫಾಸೆಟ್ ಬಗ್ಗೆ ಎಲ್ಲರೂ ಕೇಳುತ್ತಾರೆ, ಕೇಳಲೇಬೇಕು. ಅದು ಮೈಗೆ ತಾಗುವ ನೀರು, ಒಳ್ಳೆ ನೀರಿನ ಲೈನಿನಲ್ಲೇ ಇರಬೇಕು.

ಇಷ್ಟಾದ ಮೇಲೆ ಒಂದು ಭಾನುವಾರ ಬೆಳಗ್ಗೆ ಪ್ಲಾಂಟ್ ತೋರಿಸಿ. ಮೂರು ಗಾಜಿನ ಬಾಟಲಿ ಸಾಕು: ಒಳಗೆ ಬರುವ ನೀರು, ಕೆಸರು ಇಳಿದ ಮೇಲಿನ ನೀರು, ಫಿಲ್ಟರ್ ಆದ ನೀರು. ವಿವರಣೆಯನ್ನು ಆಪರೇಟರ್ ಅವರೇ ಕೊಡಲಿ. ದಿನವೂ ಆ ಕೆಲಸ ಮಾಡುವವರು ಅವರು, ಅವರ ಮಾತಿಗೆ ಬೆಲೆ ಜಾಸ್ತಿ. ಮಕ್ಕಳನ್ನು ಟ್ಯಾಂಕಿನ ಹತ್ತಿರ ಬಿಡಬೇಡಿ. ಟ್ಯಾಂಕಿನೊಳಗೆ ಯಾರನ್ನೂ, ಯಾವ ಕಾರಣಕ್ಕೂ ಇಳಿಸಬೇಡಿ. ವಿಷಗಾಳಿ ಒಂದೇ ಉಸಿರಿನಲ್ಲಿ ಜೀವ ತೆಗೆಯಬಹುದು. ರಕ್ಷಣೆ ಇಲ್ಲದೆ ಮನುಷ್ಯರನ್ನು ಇಳಿಸಿ ಕೊಳಚೆ ಟ್ಯಾಂಕ್ ಕ್ಲೀನ್ ಮಾಡಿಸುವುದು 2013ರ ಕಾಯ್ದೆ ಪ್ರಕಾರ ಅಪರಾಧ ಕೂಡ.

ನಂಬಿಕೆ ಬರಲಿ ಅಂತ ಆ ನೀರನ್ನು ಕುಡಿದು ತೋರಿಸಬೇಡಿ. ಅದು ಕುಡಿಯುವ ನೀರಲ್ಲ. ಇರುವುದನ್ನು ಇರುವ ಹಾಗೇ ಹೇಳಿ. ಕೋಲಾರದ ಕಥೆ ನೋಡಿ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಹೋದಾಗ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಂಡಿತು, ವಿಷಯ ಹೈಕೋರ್ಟಿಗೆ ಹೋಯಿತು. ಒಣಗಿದ್ದ ಕೆರೆಗಳು ತುಂಬಿದ್ದೂ ನಿಜ. ಎರಡು ಹಂತ ಸಾಲದು, ಮೂರನೇ ಹಂತದ ಶುದ್ಧೀಕರಣವೂ ಬೇಕು ಅಂತ ಅಲ್ಲಿನ ರೈತರು ಕೇಳಿದ್ದೂ ನ್ಯಾಯವೇ. ನೀರು ಬಂದ ಖುಷಿಯೊಂದರಿಂದ ಅನುಮಾನ ಹೋಗುವುದಿಲ್ಲ. ಅದಕ್ಕೆ ಪ್ರತಿ ತಿಂಗಳ ಲ್ಯಾಬ್ ರಿಪೋರ್ಟನ್ನು ಲಿಫ್ಟ್ ಪಕ್ಕ ಅಂಟಿಸಿ. ಬಿಒಡಿ (ನೀರಿನಲ್ಲಿ ಉಳಿದ ಕೊಳೆ ಎಷ್ಟು ಅಂತ ತೋರಿಸುವ ಅಳತೆ) ಜಾಸ್ತಿ ಬಂದ ತಿಂಗಳು ಕೂಡ ಅಂಟಿಸಿ, ಏನು ಸರಿಮಾಡುತ್ತಿದ್ದೀರಿ ಅಂತ ಕೆಳಗೆ ಎರಡು ಸಾಲು ಬರೆಯಿರಿ.

ಲೆಕ್ಕ ಕೊನೆಗೆ ಹೇಳಿ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಲೆಕ್ಕ ಹಿಡಿಯುತ್ತಾರೆ, ಅದರಲ್ಲಿ 45 ಲೀಟರ್ ಫ್ಲಶ್‌ಗೇ. ನಾಲ್ಕು ಜನರ ನೂರು ಮನೆಗೆ ಅದು 18,000 ಲೀಟರ್, ಅಂದರೆ 12,000 ಲೀಟರಿನ ಒಂದೂವರೆ ಟ್ಯಾಂಕರ್, ದಿನಾ. ಸುಮಾರು 100 ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ತಂದ ಕಾವೇರಿಯನ್ನು ಕಮೋಡಿಗೆ ಸುರಿಯುವುದು ನೋಡಿದರೆ ನನಗೆ ಸಂಕಟವಾಗುತ್ತದೆ. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದ್ದು ನೆನಪಿದೆ ಅಲ್ವಾ? ಇನ್ನೂ ಒಪ್ಪದವರಿದ್ದರೆ ಗಿಡ ಮತ್ತು ಕಾರಿಗೆ ಮೊದಲು ಬಳಸಿ, ಫ್ಲಶ್ ಆಮೇಲೆ.

ಮನೆಗೆಲಸದವರನ್ನು ಮರೆಯಬೇಡಿ. ಆ್ಯಸಿಡ್, ಫಿನಾಯಿಲ್ ಜಾಸ್ತಿ ಸುರಿದರೆ ಬ್ಯಾಕ್ಟೀರಿಯಾ ಸಾಯುತ್ತವೆ. ಕರಿದ ಎಣ್ಣೆ, ಪ್ಯಾಡ್, ವೆಟ್ ವೈಪ್ಸ್ ಪಂಪ್ ಕೆಡಿಸುತ್ತವೆ. ಈ ಮಾತು ವಾಟ್ಸ್ಆ್ಯಪ್ ಗ್ರೂಪಿನ ಇಂಗ್ಲಿಷ್ ಮೆಸೇಜಿನಲ್ಲಿ ಅವರಿಗೆ ತಲುಪುವುದಿಲ್ಲ. ಗೇಟಿನ ಹತ್ತಿರ ನಿಂತು, ಅವರ ಭಾಷೆಯಲ್ಲೇ ಹೇಳಿ.

ದೂರು ಬಂದ ದಿನವೇ ಆ ಮನೆಗೆ ಹೋಗಿ ಫ್ಲಶ್ ಟ್ಯಾಂಕಿನ ಮುಚ್ಚಳ ತೆಗೆದು ನೋಡಿ. ರಜೆಗೆ ಊರಿಗೆ ಹೋಗಿ ಬಂದವರ ಮನೆಯಲ್ಲಿ ನಿಂತ ನೀರೇ ವಾಸನೆ ಬರುತ್ತಿರಬಹುದು. ಮೂರ್ನಾಲ್ಕು ಸಲ ಫ್ಲಶ್ ಮಾಡಿಸಿ. ಆಮೇಲೂ ವಾಸನೆ ಇದ್ದರೆ, ನೇರ ಬ್ಲೋವರ್ ರೂಮಿಗೆ ಇಳಿಯಿರಿ.