ಟೈನಿ ಒಂದನ್ನೇ ನಂಬಿ ಕೆಟ್ಟ ಮೇಲೆ

ಹತ್ತು ವರ್ಷ ಕನ್ನಡದಿಂದ ಇಂಗ್ಲಿಷಿಗೆ ಅನುವಾದ ಮಾಡಿದ ಮೇಲೂ ನನ್ನ ಇಂಗ್ಲಿಷಿನಲ್ಲಿ ಸಣ್ಣದಕ್ಕೆಲ್ಲ ಇದ್ದದ್ದು ಒಂದೇ ಪದ: ಟೈನಿ. ಮಗುವಿನ ಬೆರಳು ಟೈನಿ, ಗಾಜಿನ ಬಿರುಕು ಟೈನಿ, ಮನಸ್ಸಿನ ಅನುಮಾನವೂ ಟೈನಿ. ಒಂದು ಕಾದಂಬರಿಯ ಕರಡನ್ನು ಸಂಪಾದಕರು ವಾಪಸ್ ಕಳಿಸುವಾಗ ಎಣಿಸಿಯೇ ಬರೆದಿದ್ದರು, ನಲವತ್ತೋ ನಲವತ್ತೆರಡೋ ಸಲ ಬಂದಿದೆ ಅಂತ. ಪುಟ್ಟ, ಕಿರು, ಚೂರು, ಚಿಟಿಕೆ, ಎಳ್ಳಷ್ಟು ಅಂತ ಮೂಲದಲ್ಲಿ ಬೇರೆ ಬೇರೆ ಇದ್ದದ್ದನ್ನೆಲ್ಲ ನಾನು ಒಂದೇ ಡಬ್ಬಕ್ಕೆ ತುಂಬಿಬಿಟ್ಟಿದ್ದೆ.

ಜೊತೆಯವರ ಸಲಹೆ ಸುಲಭದ್ದು. ಸಮಾನಾರ್ಥಕ ಕೋಶ ತೆಗಿ, ಒಂದೊಂದು ಕಡೆ ಒಂದೊಂದು ಹಾಕು, ಮುಗೀತು. ಹಾಗೇ ಮಾಡಿದೆ. ‘ಪುಟ್ಟ ಮನೆ’ಗೆ ‘ಮೈನ್ಯೂಟ್ ಹೌಸ್’ ಅಂತ ಬರೆದೆ. ಓದಿದವರು ಅದನ್ನು ‘ಮಿನಿಟ್’ ಅಂತ ಓದಿಕೊಂಡು, ಒಂದು ನಿಮಿಷದಲ್ಲಿ ಕಟ್ಟಿದ ಮನೆಯೇ ಅಂತ ಕೇಳಿದರು. ನಗು ಬಂತು, ಆದರೆ ತಪ್ಪು ನನ್ನದೇ. ಅತಿ ಸಣ್ಣ ಅನ್ನುವ ಮೈನ್ಯೂಟ್, ನಿಮಿಷ ಅನ್ನುವ ಮಿನಿಟ್, ಎರಡಕ್ಕೂ ಕಾಗುಣಿತ ಒಂದೇ (minute), ಬೇರೂ ಒಂದೇ. ಲ್ಯಾಟಿನ್ನಿನಲ್ಲಿ ಗಂಟೆಯ ಮೊದಲ ಸಣ್ಣ ಪಾಲು ಮಿನಿಟ್ ಆಯಿತು, ಎರಡನೇ ಸಣ್ಣ ಪಾಲು ಸೆಕೆಂಡ್ ಆಯಿತು. ಇದೆಲ್ಲ ಗೊತ್ತಾದ ಮೇಲೂ ಆ ಪದ ಮನೆಗೆ ಹೊಂದುವುದಿಲ್ಲ. ವಿವರ, ವ್ಯತ್ಯಾಸ, ಪ್ರಮಾಣ, ಇವುಗಳ ಜೊತೆ ಅದು ಆರಾಮಾಗಿ ಕೂರುತ್ತದೆ.

ದುಡ್ಡು ಹೋದದ್ದು ಬೇರೆ ಕೆಲಸದಲ್ಲಿ. ಆಸ್ಪತ್ರೆಯೊಂದಕ್ಕೆ ರೋಗಿಗಳ ಮನೆಯವರಿಗಾಗಿ ಕರಪತ್ರ. ‘ಸ್ವಲ್ಪ ಭರವಸೆ ಇದೆ’ ಅನ್ನುವ ಸಾಲಿಗೆ ‘ದೇರ್ ಈಸ್ ಲಿಟ್ಲ್ ಹೋಪ್’ ಅಂತ ಬರೆದುಬಿಟ್ಟೆ. ಮುಂದೆ ಒಂದು ‘ಎ’ ಬಿಟ್ಟುಹೋಗಿತ್ತು. ‘ಎ ಲಿಟ್ಲ್ ಹೋಪ್’ ಅಂದರೆ ಸ್ವಲ್ಪ ಭರವಸೆ ಇದೆ. ‘ಎ’ ಇಲ್ಲದಿದ್ದರೆ ಭರವಸೆ ಇಲ್ಲವೇ ಇಲ್ಲ ಅನ್ನುವ ಹಾಗೆ. ಒಂದೇ ಒಂದು ಅಕ್ಷರ! ಅಚ್ಚಾದ ಪ್ರತಿಗಳನ್ನೆಲ್ಲ ಎಸೆಯಬೇಕಾಯಿತು. ನನ್ನ ಸಂಭಾವನೆಯಲ್ಲಿ ಮುಕ್ಕಾಲು ಪಾಲು ಕಡಿತ. ಉಳಿದ ಕಾಲು ಭಾಗವನ್ನೂ ಇಂಗ್ಲಿಷ್ ಮನೆಮಾತಾದ ಒಬ್ಬ ಪರಿಶೀಲಕರಿಗೆ ಕೊಟ್ಟೆ. ಲೆಕ್ಕ ಹಾಕಿದರೆ ಆ ವರ್ಷ ಸಣ್ಣ ಪದಗಳ ಮೇಲೆ ನಾನು ಗಳಿಸಿದ್ದಕ್ಕಿಂತ ಕಳೆದದ್ದೇ ಜಾಸ್ತಿ.

ಆಮೇಲೆ ಕೋಶ ಮುಚ್ಚಿಟ್ಟೆ. ಒಂದು ನೋಟ್‌ಬುಕ್ಕಿನಲ್ಲಿ ಐದು ಕಾಲಂ ಎಳೆದೆ. ಪದದ ಅರ್ಥ ಬರೆಯಲೇ ಇಲ್ಲ. ಬರೆದದ್ದು ಆ ಪದ ಯಾರ ಜೊತೆ ಓಡಾಡುತ್ತದೆ ಅನ್ನುವುದನ್ನು. ಧೂಳಿಗೆ ‘ಸ್ಪೆಕ್’, ಸತ್ಯಕ್ಕೆ ‘ಗ್ರೇನ್’, ಸಾಕ್ಷಿಗೆ ‘ಶ್ರೆಡ್’, ಹೊಗೆಗೆ ‘ವಿಸ್ಪ್’, ಕಾಗದಕ್ಕೆ ‘ಸ್ಕ್ರ್ಯಾಪ್’, ವಿಷಕ್ಕೆ ‘ಟ್ರೇಸ್’. ಅದಕ್ಕೂ ಮೊದಲು ‘ಸ್ಕ್ರ್ಯಾಪ್ ಆಫ್ ಬ್ಲಡ್’ ಅಂತ ಬರೆದ ಮಹಾನುಭಾವ ನಾನು. ಇನ್ನೊಂದು ಕಾಲಮಿನಲ್ಲಿ ಪ್ರೀತಿಯೋ ತಾತ್ಸಾರವೋ ಅಂತ ಗುರುತು. ‘ಸ್ಮಾಲ್ ಹೌಸ್’ ಅಂದರೆ ಬರೀ ಅಳತೆ. ‘ಲಿಟ್ಲ್ ಹೌಸ್’ ಅಂದರೆ ಅದರಲ್ಲಿ ಒಂದು ಮುದ್ದು ಇದೆ, ನಮ್ಮ ‘ಪುಟ್ಟ’ದ ಹಾಗೆ. ‘ಪೆಟೀಟ್’ ಸಣ್ಣ ಮೈಕಟ್ಟಿನ ಹೆಂಗಸರಿಗೆ. ಅದನ್ನು ಗಂಡಸಿಗೆ ಹಾಕಿದರೆ ಓದುವವರು ನಗುತ್ತಾರೆ.

ನನಗೆ ತುಂಬ ಕೆಲಸಕ್ಕೆ ಬಂದದ್ದು ‘ಇಲ್ಲ’ ಕಾಲಂ. ‘ಎಳ್ಳಷ್ಟೂ’ ಅಂದ ಕೂಡಲೇ ಹಿಂದೆ ‘ಇಲ್ಲ’ ಬರಲೇಬೇಕು ಅಲ್ವಾ? ಎಳ್ಳಷ್ಟೂ ಅನುಮಾನ ಇದೆ ಅಂತ ಯಾರೂ ಹೇಳುವುದಿಲ್ಲ. ಇಂಗ್ಲಿಷಿನಲ್ಲೂ ಅಂಥದ್ದೊಂದು ಗುಂಪೇ ಇದೆ: ಅಯೋಟ, ಜಾಟ್, ವಿಟ್. ಇವು ಬರುವುದು ಹೆಚ್ಚಾಗಿ ‘ನಾಟ್’ ಜೊತೆ. ಅಯೋಟ ಗ್ರೀಕ್ ಅಕ್ಷರ, ಅವರ ಅಕ್ಷರಮಾಲೆಯಲ್ಲೇ ತೀರಾ ಚಿಕ್ಕದು. ಜಾಟ್ ಅದರದ್ದೇ ಮರಿ. ಹಳೇ ಕರಡು ತೆಗೆದು ‘ಎಳ್ಳಷ್ಟೂ ಇಲ್ಲ’ಗಳನ್ನೆಲ್ಲ ಈ ಕಾಲಮಿನಿಂದಲೇ ತಿದ್ದಿದೆ. ಪರಿಶೀಲಕರು ಹದಿನೈದರಲ್ಲಿ ಹದಿಮೂರನ್ನೋ ಹದಿನಾಲ್ಕನ್ನೋ ಮುಟ್ಟದೆ ಬಿಟ್ಟರು. ಕೋಶ ನೋಡಿ ಬರೆಯುವಾಗ ಅರ್ಧವೂ ಉಳಿಯುತ್ತಿರಲಿಲ್ಲ.

ಐದನೇ ಕಾಲಂ ಏನು ಅಂತ ಕೇಳಬೇಡಿ. ಅದು ನನ್ನ ಹೊಟ್ಟೆಪಾಡು.

ವಿಜ್ಞಾನದ ಬರಹದಲ್ಲಿ ಮಾತ್ರ ಈ ನೋಟ್‌ಬುಕ್ ಕೈಕೊಟ್ಟಿತು. ವೈರಸ್ಸಿಗೆ ‘ಮೈಕ್ರೋಸ್ಕೋಪಿಕ್’ ಅಂತ ಬರೆದಿದ್ದೆ. ಸಾಮಾನ್ಯ ಮೈಕ್ರೋಸ್ಕೋಪಿನಲ್ಲಿ ಹೆಚ್ಚಿನ ವೈರಸ್‌ಗಳು ಕಾಣುವುದೇ ಇಲ್ಲ, ‘ಸಬ್‌ಮೈಕ್ರೋಸ್ಕೋಪಿಕ್’ ಅನ್ನಿ ಅಂತ ಲೇಖಕರು ತಿದ್ದಿದರು. ಬ್ಯಾಕ್ಟೀರಿಯಾ ಒಂದೆರಡು ಮೈಕ್ರಾನ್, ವೈರಸ್ ಸುಮಾರು ನೂರು ನ್ಯಾನೋಮೀಟರ್, ತಲೆಕೂದಲು ಎಪ್ಪತ್ತು ಎಂಬತ್ತು ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು, ನ್ಯಾನೋಮೀಟರ್ ಅಂದರೆ ಮೈಕ್ರಾನಿನ ಸಾವಿರದ ಒಂದು ಪಾಲು). ಈ ಮೂರು ಅಳತೆ ಬಾಯಿಪಾಠ ಮಾಡಿದ ಮೇಲೆ ಅಂಥ ತಪ್ಪು ಮತ್ತೆ ಆಗಿಲ್ಲ. ತೀರಾ ಸಣ್ಣ ಅನ್ನುವ ‘ಮಿನಸ್ಕ್ಯೂಲ್’ (minuscule) ಪದದ ಕಾಗುಣಿತವೂ ಬಹಳ ದಿನ ಕಾಡಿತು. ‘ಮಿನಿ’ ಅಂದುಕೊಂಡು ಬರೆದು ಎಲ್ಲರೂ ಎಡವುತ್ತಾರೆ. ಒಳಗೆ ಇರುವುದು ‘ಮೈನಸ್’ (minus). ಇದನ್ನು ಪುಕ್ಕಟೆಯಾಗಿ ಹೇಳಿಬಿಟ್ಟೆ, ಹೋಗಲಿ.

ನಡುವೆ ಸುಮ್ನೆ ಇನ್ನೊಂದು ಹುಚ್ಚು ಹಿಡಿಯಿತು. ಸಣ್ಣ ಅನ್ನುವ ಟೀನಿ, ವೀ, ಮಿನಿ, ಎಲ್ಲದರಲ್ಲೂ ‘ಇ’ ಸ್ವರವೇ ಯಾಕೆ? ಎಡ್ವರ್ಡ್ ಸಪೀರ್ ಅನ್ನುವ ಭಾಷಾವಿಜ್ಞಾನಿ 1929ರಲ್ಲೇ ಇದನ್ನು ಪರೀಕ್ಷಿಸಿದ್ದರು. ‘ಮಿಲ್’, ‘ಮಾಲ್’ ಎರಡೂ ಮೇಜಿನ ಹೆಸರು ಅಂದುಕೊಳ್ಳಿ, ದೊಡ್ಡ ಮೇಜು ಯಾವುದು ಅಂತ ಕೇಳಿದರೆ ಹೆಚ್ಚಿನವರು ‘ಮಾಲ್’ ಅಂದಿದ್ದರು. ನಾನೂ ಪರಿಚಯದ ಇಪ್ಪತ್ತು ಜನರನ್ನು ಕೇಳಿದೆ. ಹದಿನಾರೋ ಹದಿನೇಳೋ ಜನ ಹಾಗೇ ಅಂದರು. ದೊಡ್ಡ ಗುಟ್ಟು ಸಿಕ್ಕಿತು ಅಂತ ಹಿಗ್ಗಿದೆ. ಆಮೇಲೆ ನೋಡಿದರೆ ‘ಬಿಗ್’ನಲ್ಲಿ ‘ಇ’ ಇದೆ, ‘ಸ್ಮಾಲ್’ನಲ್ಲಿ ಇಲ್ಲ. ನಮ್ಮ ಕಿರಿ, ಹಿರಿ ಎರಡರಲ್ಲೂ ‘ಇ’. ಎರಡು ವಾರ ದಂಡ.

ಕೊನೆಗೆ ಆ ಕಾದಂಬರಿಯನ್ನೇ ಮತ್ತೆ ಕೈಗೆತ್ತಿಕೊಂಡೆ. ‘ಕೂದಲೆಳೆಯಲ್ಲಿ ಪಾರಾದ’ ಅನ್ನುವುದು ‘ಬೈ ಎ ಹೇರ್ಸ್ ಬ್ರೆಡ್ತ್’ ಆಗಿ ಎಷ್ಟು ಸಲೀಸಾಗಿ ಕೂತಿತು! ಅಲ್ಲಿ ಹೋದ ಸಲ ನಾನು ‘ಟೈನಿ ಗ್ಯಾಪ್’ ಅಂತ ಬರೆದಿದ್ದೆ. ಮೂರು ತಿಂಗಳ ಕೊನೆಗೆ ಮೂರೇ ಟೈನಿ ಉಳಿದಿದ್ದವು. ಮಗುವಿನ ಬೆರಳಿನದನ್ನೂ ತೆಗೆಯಲು ಹೋದೆ. ಸಂಪಾದಕರೇ ತಡೆದು, ಅದೊಂದು ಇರಲಿ ಬಿಡಿ ಅಂದರು.